ಬುಟ್ಟಿಯ ಚೀಟಿ

೬ ಫೆಬ್ರವರಿ ೧೯೦೧, ಸುಂಟಿಕೊಪ್ಪ

ಬೆಳಿಗ್ಗೆಯಿಂದ ಚೀಟಿ ಬರೆಯುವುದೇ ಕೆಲಸ. ಎಸ್ಟೇಟಿನ ದೊರೆ ಲಂಡನ್ನಿನ ಮ್ಯೂಸಿಯಮ್ಮಿಗೆ ಪೆಟ್ಟಿಗೆ ಕಳಿಸುತ್ತಾರೆ — ಕತ್ತಿ, ಕೊಂಬು, ಮರದ ಸೇರು. ಒಂದೊಂದಕ್ಕೂ ಚೀಟಿ. ರೈಟರೇ, ನಿಮ್ಮ ಅಕ್ಷರ ಚೆನ್ನಾಗಿದೆ ಎಂದರು. ಚೆನ್ನಾಗಿಯೇ ಇದೆ.

೭ ಫೆಬ್ರವರಿ

ಮೇದರ ಮುತ್ತಿಯ ಮನೆಗೆ ಹೋಗಿದ್ದೆ, ಬಿದಿರ ಬುಟ್ಟಿಗೆ. ಅವಳ ಗಂಡ ಹೆಣೆದ ಕೊನೆಯ ಬುಟ್ಟಿ. ಎರಡು ವರ್ಷದ ಹಿಂದೆ ಜ್ವರದಲ್ಲಿ ತೀರಿಕೊಂಡನಂತೆ. ಬುಟ್ಟಿಯನ್ನು ಒಲೆಯ ಮೇಲೆ ತೂಗುಹಾಕಿದ್ದಳು, ಕೊಡಲೊಲ್ಲಳು. ಗಾಜಿನೊಳಗೆ ಇಡುತ್ತಾರೆ, ಮಾಡಿದವರ ಹೆಸರೂ ಬರೆಯುತ್ತಾರೆ ಎಂದೆ.

"ಹೆಸ್ರು ಬರೀತೀರಾ ಬುದ್ಧಿ? ಹಂಗಾರೆ ತಕೊಂಡೋಗಿ."

ಸರಿ, ಹೆಸರೇನು? ತಲೆಯಾಡಿಸಿದಳು. ಮತ್ತೆ ಕೇಳಿದೆ. ಒಲೆಯ ಗೋಡೆಗೆ ಬೆರಳೊತ್ತಿ ಮಸಿ ತೋರಿಸಿದಳು. "ಇದೇ ಬುದ್ಧಿ, ಇದೇ." ಬುಟ್ಟಿಯೂ ಕಪ್ಪೇ... ಬಣ್ಣದ ಮಾತು ಆಡುತ್ತಿದ್ದಾಳೆ, ಪೆದ್ದಿ, ಎಂದುಕೊಂಡೆ. ಬರೆದೆ: ಮಾಡಿದವರು — ಮೇದರು, ಹೆಸರು ತಿಳಿಯದು. ಬಣ್ಣ — ಒಲೆಯ ಮಸಿ.

೧೧ ಫೆಬ್ರವರಿ

ಪೆಟ್ಟಿಗೆ ಗಾಡಿಯಲ್ಲಿ ತಲಚೇರಿಗೆ ಹೋಯಿತು. ಅಲ್ಲಿಂದ ಹಡಗು. ಮಸಿಯ ವಿಷಯ ದೊರೆಗೆ ಬಹಳ ಹಿಡಿಸಿತು. ತಾವೇ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಸೇರಿಸಿದರು.

೨೦ ಫೆಬ್ರವರಿ, ಬೆಳಿಗ್ಗೆ

ಸೆನ್ಸಸ್ ಗುಮಾಸ್ತ ಮನೆಗೆ ಬಂದಿದ್ದ. ನಾನು ಸ್ನಾನಕ್ಕಿಳಿದಿದ್ದೆ. "ಯಜಮಾನ್ರ ಹೆಸ್ರೇನಮ್ಮ?" ನನ್ನ ಹೆಂಡತಿ ಶಿವಮ್ಮ ಹೇಳುವಳೇ!

"ಅಗೋ, ಆ ಗುಡೀಲಿ ಅವ್ರಲ್ಲಾ, ಅವರ ಹೆಸ್ರೇ."

"ಈಶ್ವರಪ್ಪನಾ?"

"ಅಲ್ಲ."

"ಮಹಾದೇವಪ್ಪ?"

"ಪರಮೇಶಪ್ಪ ಕಣಯ್ಯಾ!" ಬಚ್ಚಲಿಂದಲೇ ಕೂಗಿದೆ. ನಗು ಬಂತು. ಆಮೇಲೆ ಚೊಂಬು ಕೈಯಲ್ಲೇ ಉಳಿಯಿತು. ಮಸಿ...

ಅದೇ ದಿನ, ಮಧ್ಯಾಹ್ನ

ಮೇಸ್ತ್ರಿ ನಿಂಗನನ್ನು ಕೇಳಿದೆ. "ಮುತ್ತಿ ಗಂಡನಾ? ಕಾಳ ಅಲ್ವಾ ಸಾ."

ಕಾಳ. ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹದಿನಾರು ವರ್ಷದಿಂದ ನನ್ನ ಮನೆಯಲ್ಲೇ ನಡೆದದ್ದು ಅವಳ ಮನೆಯಲ್ಲಿ ಹೊಳೆಯಲಿಲ್ಲ. ಕಪ್ಪು ತೋರಿಸಿ ಅವಳು ಹೇಳಿಯೇ ಇದ್ದಳು. ಪೆದ್ದ ನಾನು. ನಾಚಿಕೆಯಾಗುತ್ತಿದೆ.

೨೧ ಫೆಬ್ರವರಿ

ದೊರೆಗೆ ಹೇಳಿದೆ, ಹೆಸರು ಸಿಕ್ಕಿದೆ, ಕಾಗದ ಬರೆಯೋಣ ಎಂದು. ಮ್ಯೂಸಿಯಮ್ಮಿಗೆ ಜಾತಿ ಸಾಕು, ಹೆಸರು ಯಾರಿಗೆ ಬೇಕು ಎಂದರು. ಮಸಿಯೂ ತಪ್ಪು ಎನ್ನಬೇಕಿತ್ತು. ಬಾಯಿ ತೆರೆದೆ... ಹೇಳಲಿಲ್ಲ. ಹೇಡಿ.

೪ ಮಾರ್ಚ್

ಮುತ್ತಿ ಆಫೀಸಿನ ಬಾಗಿಲಿಗೆ ಬಂದಳು. ಹೆಸರು ಬರೆದಿರಾ ಎಂದು ಕೇಳಿದಳು. ಹೂಂ ಎಂದುಬಿಟ್ಟೆ. ಚೀಟಿಯ ನಕಲು ಮೇಜಿನ ಮೇಲೇ ಇತ್ತು.

"ಓದಿ ಬುದ್ಧಿ. ನಾ ಹೇಳಂಗಿಲ್ಲ, ಕೇಳ್ಬೋದು."

ನಕಲು ಕೈಗೆತ್ತಿಕೊಂಡು, "ಮಾಡಿದವರು, ಮೇದರ ಕಾಳ" ಎಂದು ಓದಿದೆ. ಹಾಳೆಯಲ್ಲಿ ಇಲ್ಲದ್ದನ್ನು. ಸೆರಗು ಬಾಯಿಗೆ ಒತ್ತಿಕೊಂಡಳು. ಯಾರ ಬಾಯಲ್ಲಾದರೂ ಆ ಹೆಸರು ಕೇಳಿ ಎರಡು ವರ್ಷವಾಯಿತು ಎಂದಳು.

"ಇನ್ನೊಂದ್ಸಲ ಓದಿ."

ಓದಿದೆ.

"ಇನ್ನೊಂದ್ಸಲ, ಬುದ್ಧಿ."

ಕಣ್ಣು ಹಾಳೆಯ ಮೇಲೇ ಇಟ್ಟು ಮತ್ತೆ —