ಮೋರಿಯೊಳಗಿಂದ ಹೋಗುವ ಸರಹದ್ದು

ಅಕ್ಕಾ,

ಈಗ ಸಂಜೆ ಆರೂವರೆ. ಕುರಿಗಳು ದೊಡ್ಡಿ ಸೇರಿವೆ. ಇವತ್ತು ಇಡೀ ದಿನ ಊರಿಗೆ ಹೆಣ್ಣುಮಕ್ಕಳು ಬರುವುದೇ ಆಯಿತು. ನಾರಾಯಣಪೇಟೆ ಕಡೆಯಿಂದ, ರಾಯಚೂರ ಕಡೆಯಿಂದ, ಮಾನೋಪಾಡಿನಿಂದ, ಕೊಟ್ಟ ಊರುಗಳಿಂದೆಲ್ಲ ಆಟೋ ತುಂಬಿ ಬಂದಿಳಿದರು. ಮೊಮ್ಮಕ್ಕಳ ಕೈ ಹಿಡಿದು ನಡೆಯುವ ಮುದುಕಿಯರೂ ಬಂದಿದ್ದಾರೆ. ನಾಳೆ ಊರ ನಡುವೆ ಹೊಸ ಬೊಡ್ರಾಯಿ ನೆಡುತ್ತಾರೆ. ಊರಿನ ಹೊಕ್ಕುಳಂತಿರುವ ಆ ಕಲ್ಲು ನೆಡುವ ದಿನ ಊರಲ್ಲಿ ಹುಟ್ಟಿದ ಹೆಣ್ಣುಮಕ್ಕಳೆಲ್ಲ ಸರಹದ್ದಿನ ಒಳಗೇ ಇರಬೇಕು ಎಂಬುದನ್ನು ನಿನಗೆ ನಾನು ಹೇಳಬೇಕೆ? ನಿನ್ನ ಬದಲಿಗೆ ನಿನ್ನ ಮಗಳು ಮಲ್ಲಮ್ಮ ಧರೂರಿನಿಂದ ಬಂದಿದ್ದಾಳೆ. ಜೂರಾಲ ಡ್ಯಾಮಿನ ಮೇಲಿಂದ ಬಂದಳಂತೆ. ಚೀಲ ಇಳಿಸಿದವಳೇ ಮೊದಲು ರಸ್ತೆಯ ಕಡೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ನಿನಗೆ ಓದಲು ಬರುತ್ತಿರಲಿಲ್ಲ. ನಾನು ಏಳನೆಯ ತರಗತಿವರೆಗೆ ಕನ್ನಡ ಶಾಲೆಯಲ್ಲಿ ಕಲಿತದ್ದನ್ನು ಮರೆಯಬಾರದೆಂದು ದಿನಾ ಸಂಜೆ ನಾಲ್ಕು ಸಾಲು ಬರೆಯುತ್ತಿದ್ದರೆ, ನೀನು ರೊಟ್ಟಿ ಬಡಿಯುತ್ತಲೇ ಅಣಕಿಸುತ್ತಿದ್ದೆ. "ಏನು ಬರಿತೀಯೋ ತಮ್ಮಾ, ಕುರಿ ಹಿಕ್ಕಿ ಲೆಕ್ಕಾನಾ? ಓದು ನೋಡೂನು." ಓದಿದರೆ ಸುಮ್ಮನೆ ಕೇಳುತ್ತಿದ್ದೆ. ಇದನ್ನೂ ಹಾಗೆ ಓದುತ್ತಿದ್ದೇನೆ ಎಂದುಕೋ. ಒಲೆಯ ಮುಂದೆ ಈಗ ಯಾರೂ ಇಲ್ಲ. ಆದರೂ ಆ ಕಡೆ ಮುಖ ಮಾಡಿಯೇ ಕುಳಿತಿದ್ದೇನೆ.

ಹಳೆಯ ಬೊಡ್ರಾಯಿ ಹೋದದ್ದು ನಿನಗೆ ನೆನಪಿರಬೇಕು. ಮೊದಲ ಸಲ ಸಿಸಿ ರೋಡು ಹಾಕುವಾಗ ಕಲ್ಲಿನ ಸುತ್ತ ಬಿಟ್ಟು ಹಾಕಿರಿ ಎಂದು ಊರೆಲ್ಲ ನಿಂತು ಹೇಳಿತು. ಎರಡನೆಯ ಸಲ ಹಾಕುವಾಗ ಒಬ್ಬರು ಹೇಳಿರುತ್ತಾರೆ ಎಂದು ಇನ್ನೊಬ್ಬರು, ಅವರು ಹೇಳಿರುತ್ತಾರೆ ಎಂದು ಇವರು, ಕೊನೆಗೆ ಯಾರೂ ಹೇಳಲಿಲ್ಲ. ಸಂಜೆ ಹೋಗಿ ನೋಡಿದರೆ ಕಲ್ಲಿನ ಮೇಲೆ ಸಿಮೆಂಟು ಒಣಗುತ್ತಿತ್ತು. ನೀನು ಮಾತ್ರ ಆ ಜಾಗ ಗುರುತಿಟ್ಟು, ಬರಿಯ ಸಿಮೆಂಟಿನ ಮೇಲೆಯೇ ತಂಬಿಗೆ ನೀರು ಸುರಿದು ಬರುತ್ತಿದ್ದೆ. ಆಮೇಲೆ ಎಮ್ಮೆ ಸತ್ತರೂ, ಮಗುವಿಗೆ ಜ್ವರ ಬಂದರೂ ಬೊಡ್ರಾಯಿ ಇಲ್ಲದ ಊರು ಎಂದರು. ನೀನು ಹೋದ ದಿನವೂ ಅದನ್ನೇ ಅಂದರು.

ನೀನು ಕೇಳದ ಸುದ್ದಿ ಒಂದಿದೆ. ನಮ್ಮ ಓಣಿ ಈಗ ನಮ್ಮೂರಲ್ಲ. ಹೆದ್ದಾರಿಯ ಈಚೆಗಿರುವ ನಮ್ಮ ನಾಲ್ಕಾರು ಮನೆಗಳು ಮಕ್ತಲ್ ಮುನ್ಸಿಪಾಲ್ಟಿಯ ವಾರ್ಡಿಗೆ ಸೇರಿದವು. ಆಚೆಗಿರುವ ಊರು ಪಂಚಾಯ್ತಿಯಾಗಿಯೇ ಉಳಿಯಿತು. ನೀನಿದ್ದಿದ್ದರೆ ಏನನ್ನುತ್ತಿದ್ದೆ ಎಂದು ನನಗೆ ಗೊತ್ತು. ನಿನ್ನನ್ನು ಧರೂರಿಗೆ ಕೊಟ್ಟಾಗ ಅದೂ ನಾವೂ ಒಂದೇ ಮಹಬೂಬನಗರ ಜಿಲ್ಲೆ. ಗಂಡ ತೀರಿ ನೀನು ಮರಳಿ ಬರುವಷ್ಟರಲ್ಲಿ ಅದು ಗದ್ವಾಲ ಜಿಲ್ಲೆ, ಇದು ನಾರಾಯಣಪೇಟೆ ಜಿಲ್ಲೆ. "ನಾನು ಹೋದ ಬಸ್ಸಿನ್ಯಾಗ ಹೊಳ್ಳಿ ಬಂದೀನಿ, ಜಿಲ್ಲಾ ಯಾಕ ಹೊಳ್ಳಿ ಬರಲಿಲ್ಲ?" ಎಂದು ಕೇಳಿ ಬಸ್ಸಿನವರನ್ನೆಲ್ಲ ನಗಿಸಿದ್ದೆಯಂತೆ. ಆಗ ಜಿಲ್ಲೆ ಬದಲಾದರೂ ನಮಗೇನೂ ಆಗಲಿಲ್ಲ. ಈ ಸಲ ಹಾಗಲ್ಲ ಅಕ್ಕಾ.

ಮೊನ್ನೆ ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂಡಿದರು. ಬೊಡ್ರಾಯಿ ನೆಡುವ ಮೊದಲು ಸರಹದ್ದು ಕಟ್ಟಬೇಕಲ್ಲ, ಅದನ್ನು ಎಲ್ಲಿಂದ ಎಲ್ಲಿಗೆ ಕಟ್ಟುವುದು ಎಂಬ ಮಾತು. ಅರಿಸಿನ ಕುಂಕುಮ ಕಲಸಿದ ಅನ್ನವನ್ನು, ನಮ್ಮವರು ಪೊಲಿ ಎನ್ನುವುದನ್ನು, ಬುಟ್ಟಿಯಲ್ಲಿ ಹೊತ್ತು ಊರ ಅಂಚಿನ ಗುಂಟ ಚೆಲ್ಲುತ್ತ ಒಂದು ಸುತ್ತು ಬರಬೇಕು. ಹೊತ್ತವನು ಮಾತಾಡುವಂತಿಲ್ಲ, ತಿರುಗಿ ನೋಡುವಂತಿಲ್ಲ. ಸುತ್ತು ಕೂಡಿತೆಂದರೆ ಊರಿಗೆ ಕಟ್ಟು ಬಿತ್ತು. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಮನುಷ್ಯರಿಗಾದರೆ ಒಂದು ದಿನದ ಮಾತು. ಸತ್ತು ಉಳಿದವರಿಗೆ ಮಾತ್ರ ಅದು ಎಂದೆಂದಿಗೂ...

ತಿಮ್ಮಪ್ಪ ತಾತನೇ ಮೊದಲು ಮಾತೆತ್ತಿದ. ಎರಡು ಸಲ ಸರಪಂಚನಾದವನು, ಅವನ ಮಾತು ನಡೆಯುತ್ತದೆ. "ಆ ಓಣಿ ಮುನ್ಸಿಪಾಲ್ಟಿಗೆ ಹೋಗೈತಿ. ಪಂಚಾಯ್ತಿ ಶಿವಾರ ಎಷ್ಟೈತೋ ಅಷ್ಟಕ್ಕೇ ಕಟ್ಟೂನು."

ಅವನ ಮಾತಿಗೆ ಎದುರಾಡುವವಳು ನಮ್ಮ ಓಣಿಯ ಬಾಲಮ್ಮ ಅತ್ತೆಯೊಬ್ಬಳೇ. "ಏ ತಿಮ್ಮಪ್ಪ, ನಿನ್ನ ಹೆಣ್ತಿ ನಮ್ಮ ಓಣ್ಯಾಗ ಹುಟ್ಟಿದಾಕಿ. ಆಕಿನೂ ಹೊರಗ ಇಡ್ತೀಯೇನು?"

"ಇಡಾಕ ಬರೂವಂಗಿದ್ರ ಯಾವಾಗ್ಲೋ ಇಡ್ತಿದ್ನೆವ್ವ" ಎಂದ ತಾತ. ಕಟ್ಟೆಯೆಲ್ಲ ನಕ್ಕಿತು. ನಗು ನಿಂತ ಮೇಲೆ ಅವನೇ ಬೇರೆ ಕಾರಣ ಹೇಳಿದ. "ಹೆದ್ದಾರಿ ನಡುವ ಹಾದೈತಿ. ಗೆರಿ ರಸ್ತೆ ಮ್ಯಾಲೆ ಎಳದ್ರ ಬಸ್ಸು ಲಾರಿ ದಾಟ್ತಾವ. ದಾಟಿದ ಗೆರಿ ಕಟ್ಟಲ್ಲ. ಹೆದ್ದಾರಿ ಬಂದ್ ಮಾಡಾಕ ನಾನೇನು ಕಲೆಕ್ಟ್ರಾ?"

"ರಸ್ತೆ ಮ್ಯಾಲೆ ಯಾಕ ಎಳೀತಿ? ಆ ಕಡಿ ಹಳ್ಳದ ಸೇತುವಿ ಐತಿ, ಈ ಕಡಿ ಕುರಿಮೋರಿ ಐತಿ. ಅದರ ಕೆಳಗ ಹೋಗು, ಇದರ ಕೆಳಗ ಬಾ. ಕುರಿ ಹಾಯ್ತಾವ, ನಿನ್ನ ಗೆರಿ ಹಾಯಂಗಿಲ್ಲೇನು? ಬಸ್ಸು ಮ್ಯಾಲಿಂದ ಹೋಗ್ಲಿ, ನಮಗೇನು?"

ಕೆಲವರು ತಲೆ ಆಡಿಸಿದರು. ಆಯಿತು ಎಂದೇ ನಾನು ತಿಳಿದೆ. ಆಗ ತಾತ ಧ್ವನಿ ಇಳಿಸಿ, ನನ್ನ ಕಡೆ ನೋಡದೆ ಹೇಳಿದ. "ಮೋರಿ ಬ್ಯಾಡ. ಅಲ್ಲಿ ಆಕಿ ಇದ್ದಾಳ."

ಆಗ ನನಗೆ ತಿಳಿಯಿತು, ವಾರ್ಡೂ ಅಲ್ಲ ಬಸ್ಸೂ ಅಲ್ಲ, ಅವರು ಹೊರಗಿಡಬೇಕೆಂದಿದ್ದದ್ದು ನಿನ್ನನ್ನು.

ಆ ಮುಂಜಾನೆಯನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಮಂಜು ಬಿದ್ದಿತ್ತು. ದಿನದಂತೆ ನಾನು ಕುರಿಗಳನ್ನು ಈ ಕಡೆಯಿಂದ ಹೆದ್ದಾರಿಯ ಕೆಳಗಿನ ಮೋರಿಯೊಳಗೆ ಹೊಗಿಸಿದೆ. ಬಗ್ಗಿದರೆ ನಿನಗೆ ಮೊಣಕಾಲು ನೋಯುತ್ತಿತ್ತು, ಅದಕ್ಕೇ ನೀನು ಯಾವಾಗಲೂ ಮೇಲಿಂದ ರಸ್ತೆ ದಾಟಿ ಆಚೆ ಬಾಯಿಗೆ ಇಳಿದು ಕರೆಯುತ್ತಿದ್ದೆ. ಕತ್ತಲೆಯಲ್ಲಿ ನಿಂತ ಕುರಿಗಳು ನಿನ್ನ "ಹುರ್ರ್ಯೋ ಬಾ" ಕೇಳಿಯೇ ಮುಂದೆ ಹೆಜ್ಜೆ ಇಡುತ್ತಿದ್ದವು. ಅವತ್ತು ಅವು ನಡುವೆ ನಿಂತವು. ನಾನು ಹಿಂದಿನಿಂದ ದೂಡಿದೆ, ಬೈದೆ, ಕದಲಲಿಲ್ಲ. ಅಕ್ಕ ಯಾಕೆ ಕರೆಯುತ್ತಿಲ್ಲ ಎಂದು ಒಂದು ಗಳಿಗೆ ಸಿಟ್ಟೂ ಬಂತು. ಮೇಲೆ ಬ್ರೇಕಿನ ಸದ್ದು ನಾನು ಕೇಳಿದೆನೇ? ಕೇಳಿರಬೇಕು. ಮೋರಿಯ ಕಲ್ಲಿನಿಂದ ಮಣ್ಣು ಉದುರಿದ್ದು ಮಾತ್ರ ನೆನಪಿದೆ.

ಪೊಲೀಸರು ಬಂದಾಗ ನೀನು ರಸ್ತೆಯ ನಟ್ಟನಡುವೆ ಇದ್ದೆ. ಜಮಾದಾರ ತೆಲುಗಿನಲ್ಲಿ "ಏ ಲಿಮಿಟ್ಸ್?" ಎಂದು ಕೇಳಿದ. ರಸ್ತೆಯ ಆಚೆಗೊಂದು ಠಾಣೆ, ಈಚೆಗೊಂದು ಠಾಣೆ; ಯಾವುದರ ಸರಹದ್ದಿಗೆ ಬರುತ್ತದೆ ಎಂದು ಅವನು ಬರೆದುಕೊಳ್ಳಬೇಕಿತ್ತು. ಕೆಲವರು ತಲೆ ಇದ್ದ ಕಡೆ ಕೈ ತೋರಿಸಿದರು, ಕೆಲವರು ಕಾಲು ಇದ್ದ ಕಡೆ. ಬಿಳಿ ಪಟ್ಟಿ ನಿನ್ನ ಸೊಂಟದ ಕೆಳಗೆ ಹಾದುಹೋಗಿತ್ತು. ಅವನು ಏನು ಬರೆದುಕೊಂಡನೋ ಗೊತ್ತಿಲ್ಲ. ನಿನ್ನನ್ನು ನಮ್ಮ ಹೊಲದಲ್ಲೇ, ಅಪ್ಪನ ಪಕ್ಕ ಹೂಳಿದೆವು. ಆದರೆ ನೀನು ಅಲ್ಲಿ ಇದ್ದೀಯಾ? ಎಷ್ಟೋ ಸಂಜೆ ಸಮಾಧಿಯ ಬಳಿ ಕುಳಿತು ನೋಡಿದ್ದೇನೆ. ಖಾಲಿ ಮನೆಯ ಮುಂದೆ ಕುಳಿತ ಹಾಗೆ ಅನಿಸುತ್ತದೆ.

ಈಗ ಹೇಳುತ್ತಿರುವುದನ್ನು ನನ್ನ ಹೆಂಡತಿಗೂ ಹೇಳಿಲ್ಲ. ಕರ್ಮ ಮುಗಿಸಿದ ಮರುದಿನ ಕುರಿಗಳನ್ನು ಮೋರಿಗೆ ಹೊಗಿಸಿದೆ. ನಡುವೆ ನಿಂತವು. ಆಚೆ ಬಾಯಲ್ಲಿ ಕರೆಯಲು ಯಾರೂ ಇಲ್ಲ, ಇನ್ನು ಇವುಗಳನ್ನು ಹಿಂದಕ್ಕೆ ತಿರುಗಿಸಿ ಸುತ್ತು ಹಾಕಿ ಹೋಗಬೇಕು ಎಂದುಕೊಂಡೆ. ಅಷ್ಟರಲ್ಲಿ ಎಲ್ಲವೂ ಒಮ್ಮೆಗೇ ಕಿವಿ ನಿಮಿರಿಸಿ, ತಲೆ ಎತ್ತಿ, ಆಚೆಗೆ ನಡೆದುಬಿಟ್ಟವು. ನನಗೆ ಏನೂ ಕೇಳಿಸಲಿಲ್ಲ. ಅವತ್ತಿನಿಂದ ಇವತ್ತಿನವರೆಗೂ ಹಾಗೆಯೇ. ನಿಲ್ಲುತ್ತವೆ, ಕೇಳಿಸಿಕೊಳ್ಳುತ್ತವೆ, ಹೋಗುತ್ತವೆ. ಈ ವರ್ಷ ಹುಟ್ಟಿದ ಮರಿಗಳು ನಿನ್ನ ಧ್ವನಿಯನ್ನು ಒಮ್ಮೆಯೂ ಕೇಳಿದವಲ್ಲ. ಅವೂ ನಿಲ್ಲುತ್ತವೆ ಅಕ್ಕಾ.

ಊರವರಿಗೆ ಇದು ಗೊತ್ತಿಲ್ಲ. ಅವರು ಬೇರೆ ಏನೇನೋ ಅನ್ನುತ್ತಾರೆ. ಬೈಕು ಅಲ್ಲೇ ಬಂದ್ ಬೀಳುತ್ತದಂತೆ, ಕೆಂಪು ಅಂಚಿನ ಸೀರೆ ಕಂಡಿತಂತೆ. ಅಮಾವಾಸ್ಯೆಗೆ ಯಾರೋ ಮೋರಿಯ ಬಾಯಲ್ಲಿ ನಿಂಬೆಹಣ್ಣು ಇಟ್ಟು ಹೋಗುತ್ತಾರೆ. ಕುರಿ ತುಳಿಯುವ ಮೊದಲು ನಾನು ಅದನ್ನು ಕಾಲಿನಿಂದ ಬದಿಗೆ ಸರಿಸುತ್ತೇನೆ. ನಿನ್ನ ಕೈಯಿಂದ ಉಪ್ಪು, ಹಿಟ್ಟು ಕಡ ಪಡೆಯದ ಮನೆಯೇ ಇಲ್ಲ ಈ ಊರಲ್ಲಿ. ಅವರಿಗೆ ಯಾಕೆ ಇಷ್ಟು ಅಂಜಿಕೆ?

ಅದನ್ನೇ ಕೇಳಿದೆ. ಕಟ್ಟೆಯ ಮೇಲೆ ನಾನು ಬಾಯಿಬಿಟ್ಟೆ ಎಂದರೆ ನೀನು ನಂಬುತ್ತೀಯಾ? ನನ್ನ ಪಾಲಿನ ಮಾತನ್ನೂ ನೀನೇ ಆಡಿ ಮುಗಿಸುತ್ತಿದ್ದವಳು. "ಆಕಿ ನಮ್ಮಕ್ಕ ರೀ. ಈ ಊರಾಗ ಹುಟ್ಟಿದ ಹೆಣ್ಮಗಳು. ಎಲ್ಲಾ ಹೆಣ್ಮಕ್ಕಳ್ನ ಒಳಗ ಕರೀತೀರಿ, ಆಕಿನ್ನ ಒಬ್ಬಾಕಿನ ಹೊರಗ ಹಾಕಿ ಕಟ್ತೀರೇನು? ನಿಮ್ಮ ಮನಿ ತಬ್ಬಲಿ ಮರಿಗೆ ಬಾಟ್ಲಿ ಹಾಲು ಕುಡಿಸಿ ಬದುಕಿಸಿದಾಕಿ ಯಾರು?" ಅಷ್ಟೇ ಬಂತು. ಹೆಗಲ ಕಂಬಳಿ ಎಳೆದು ಹೊದ್ದು ಕುಳಿತುಬಿಟ್ಟೆ.

ತಾತ ಈಗ ನನ್ನ ಕಡೆ ತಿರುಗಿದ. ಆಮೇಲೆ, "ಹಂಗಾದ್ರ ಬುಟ್ಟಿ ನೀನೇ ಹೊರು. ಮೋರ್ಯಾಗ ನಿನ್ನ ಹಿಂದ ಯಾರೂ ಬರಂಗಿಲ್ಲ. ನಡುವ ನಿಂದ್ರಬ್ಯಾಡ. ನಿಂತ್ರ ಕಟ್ಟು ಒಡದಂಗ" ಎಂದ.

"ಮಾತಾಡಬಾರದ ಕೆಲಸಕ್ಕ ಚಲೋ ಆಳು ಹುಡುಕಿದಿ ಬಿಡು" ಎಂದಳು ಬಾಲಮ್ಮ ಅತ್ತೆ. ಈ ಸಲ ಯಾರೂ ನಗಲಿಲ್ಲ.

ಇವತ್ತು ಮಧ್ಯಾಹ್ನ ಮಲ್ಲಮ್ಮನ ಉಡಿ ತುಂಬಿದೆವು. ನಿನಗೆಂದು ತಂದ ನಾರಾಯಣಪೇಟೆ ಸೀರೆಯನ್ನು ಅವಳಿಗೇ ಕೊಟ್ಟೆವು. ಅಕ್ಕಿ ಕೊಬ್ಬರಿ ಸೆರಗಿನಲ್ಲಿ ಹಿಡಿದುಕೊಂಡೇ ಅವಳು ಕೇಳಿದಳು. "ಮಾಮಾ, ಅವ್ವ ಒಳಗ ಬಂದ್ರ ಮತ್ತ ಹೊರಗ ಹೋಗಾಕ ಬರಂಗಿಲ್ಲಲ್ಲ. ಕಟ್ಟು ಬಿದ್ದ ಮ್ಯಾಲೆ. ಹಂಗ ಇಟ್ಕೊಂಡ್ರ ನಡಿತೈತೇನು?"

ನೆಲಕ್ಕೆ ಉದುರಿದ ಅಕ್ಕಿ ಆಯ್ದು ಅವಳ ಸೆರಗಿಗೆ ಹಾಕಿದೆ. ಗೆರೆ ಮೋರಿಯೊಳಗೆ ಹಾಯುತ್ತದೆ, ನೀನು ಬಿದ್ದ ಜಾಗ ಸರಿಯಾಗಿ ಅದರ ಮೇಲಿದೆ. ಒಳಗೂ ಅಲ್ಲ, ಹೊರಗೂ ಅಲ್ಲ. ಜಮಾದಾರನಿಗೆ ಸಿಗದ ಉತ್ತರ ನನಗೆ ಸಿಗುತ್ತದೆಯೇ? ನೀನು ಅಲ್ಲೇ ಮೇಲೆ ಉಳಿದರೆ, ಕಟ್ಟು ಬಿದ್ದ ಮೇಲೆ ನಿನ್ನ ಕರೆ ಕುರಿಗಳಿಗೆ ಕೇಳಿಸುತ್ತದೋ ಇಲ್ಲವೋ. ಒಳಗೆ ಬಂದರೆ ನಮ್ಮ ಅಂಗಳದಲ್ಲಿ, ಒಲೆಯ ಮುಂದೆ... ನಿನಗೆ ಬೇಕಾಗಿರುವುದು ಯಾವುದು ಎಂದು ನೀನಾದರೂ ಹೇಳಬಾರದೆ? ಇಷ್ಟು ದಿನ ಕುರಿಗಳಿಗಷ್ಟೇ ಕೇಳಿಸಿದೆ. ನನಗೆ ಒಮ್ಮೆಯೂ ಕೇಳಿಸಲಿಲ್ಲ.

ಅಕ್ಕಾ, ನಾನು ನಡುವೆ ನಿಲ್ಲುತ್ತೇನೆ. ತಾತ ನಿಲ್ಲಬೇಡ ಎಂದಿದ್ದಾನೆ, ಆದರೂ ನಿಲ್ಲುತ್ತೇನೆ. ನಾಳೆ ಬೀರಪ್ಪನ ಗುಡಿಯಿಂದ ಹೊರಟು, ಹಳ್ಳದ ಸೇತುವೆಯ ಕೆಳಗೆ ಹಾದು, ನಮ್ಮ ಹೊಲದ ಅಂಚು ಹಿಡಿದು ಬರುತ್ತೇನೆ. ಮೋರಿಯೇ ಕಡೆಯದು. ಆಮೇಲೆ ಗುಡಿ ಮುಟ್ಟಿದರೆ ಸುತ್ತು ಕೂಡಿತು. ಬುಟ್ಟಿ ತಲೆಯ ಮೇಲಿರುವುದರಿಂದ ನಾನು ಪೂರ್ತಿ ಬಗ್ಗಲಾರೆ, ಬುಟ್ಟಿಯನ್ನು ಎದೆಗೆ ಹಿಡಿದುಕೊಂಡು ಕುರಿಗಳು ನಿಲ್ಲುವ ಜಾಗದಲ್ಲಿ ನಿಲ್ಲುತ್ತೇನೆ. ನಿನಗೆ ಬರುವ ಮನಸ್ಸಿದ್ದರೆ ಆಗ ಇಳಿದು ಬಾ. ನನ್ನ ಹಿಂದೆ ಬರಬೇಡ, ನಾನು ತಿರುಗಿ ನೋಡುವಂತಿಲ್ಲ. ಮುಂದೆ ಹೋಗು. ಮನಸ್ಸಿಲ್ಲದಿದ್ದರೆ ಅಲ್ಲೇ ಇದ್ದು, ಒಂದು ಸಲ ನನಗೂ ಕೇಳುವ ಹಾಗೆ ಕರೆ. ಎರಡರಲ್ಲಿ ಯಾವುದಾದರೂ ಸರಿ. ಅದು ಆಗುವವರೆಗೆ ನಾನು ಹೆಜ್ಜೆ ಎತ್ತುವುದಿಲ್ಲ.

ಮಲ್ಲಮ್ಮ ಊಟಕ್ಕೆ ಕರೆಯುತ್ತಿದ್ದಾಳೆ. ನಾಳೆ ಕುರಿಗಳನ್ನು ಹೊರಗೆ ಬಿಡುವಂತಿಲ್ಲ. ಶೇಂಗಾ ಹೊಟ್ಟು ಇವತ್ತೇ ತಂದು ದೊಡ್ಡಿಯಲ್ಲಿ ಹಾಕಿದ್ದೇನೆ.

ನಿನ್ನ ತಮ್ಮ