ಕಡಲೆಬೀಜಕ್ಕೆ ಕಲಿತದ್ದು

ಮಂಗಳವಾರ, ನವೆಂಬರ್ ೧೮

ನಾಯಿಮರಿ ಇವತ್ತೂ ತೋಟದಿಂದ ಸತ್ತ ರೇಷ್ಮೆಹುಳು ಕಚ್ಚಿಕೊಂಡು ಬಂತು. ರೋಗದ ಹುಳುಗಳನ್ನು ಗುಂಡಿಗೆ ಹಾಕಿ ಸುಣ್ಣ ಸುರಿದರೂ ಕೆರೆದು ತೆಗೆಯುತ್ತದೆ. ಮೊದಲೆಲ್ಲ ನಾನು ಕೂಗಿದಷ್ಟೂ ಬೇಗ ನುಂಗುತ್ತಿತ್ತು. ಅದಕ್ಕೇ ಹೋದ ವಾರ ಕಡಲೆಬೀಜ ತೋರಿಸಿ, ಬಾಯಲ್ಲಿರುವುದನ್ನು ಕೆಳಗೆ ಬಿಡುವುದು ಕಲಿಸಿದೆ. ಎಷ್ಟು ಬೇಗ ಕಲಿಯಿತೆಂದು ಬೀಗಿದ್ದೂ ಬೀಗಿದ್ದೇ.

ಈಗ ಅದು ಹುಳು ತಿನ್ನುವುದಿಲ್ಲ. ಹುಡುಕಿ, ನಾನಿರುವಲ್ಲಿಗೇ ತರುತ್ತದೆ. ನಾನಿರುವುದು ದಿನವಿಡೀ ಹುಳುಮನೆಯಲ್ಲಿ. ಇವತ್ತು ಅದರ ಹೊಸಿಲ ಮೇಲೇ ಇಟ್ಟು ಬಾಲ ಆಡಿಸಿತು. ಒಳಗಿರುವುದು ಇನ್ನೇನು ಗೂಡು ಕಟ್ಟಲಿರುವ ಹುಳುಗಳು. ರೋಗ ತಗುಲಿದರೆ ಇಡೀ ಬೆಳೆ ಹೋಯಿತು.

ಅತ್ತೆ ಬ್ಲೀಚಿಂಗ್ ಪೌಡರ್ ಎರಚುತ್ತ, "ಮೊದ್ಲು ತಿನ್ಕೊಂಡು ತೋಟದಲ್ಲೇ ಬಿದ್ದಿರ್ತಿತ್ತು. ಬಾಗಿಲಿಗೆ ತರೋದು ನೀನೇ ಕಲಿಸ್ದೆ ಕಣಮ್ಮ. ಇನ್ನೊಂದ್ಸಲ ತಂದ್ರೆ ಕೈವಾರಕ್ಕೆ, ನನ್ ತಂಗಿ ಮನೆಗೆ ಕಳಿಸ್ಬಿಡ್ತೀನಿ" ಎಂದರು. ಅವರು ಹೇಳಿದ್ದು ನಿಜವೇ.

ಸಂಜೆಯೇ ಮರಿಯನ್ನು ಕಟ್ಟಿಹಾಕಿದೆ. ಕಲಿಸಿದ್ದನ್ನು ಮರೆಸುವುದು ಹೇಗೋ ಗೊತ್ತಿಲ್ಲ. ಎರಡು ಸಲ ಎದ್ದು ನೋಡಿ ಬಂದೆ, ನಿದ್ದೆಯಂತೂ—

ಬಾಗಿಲು ಕೆರೆಯುತ್ತಿದೆ. ತೆರೆದರೆ ಮರಿ; ಹಗ್ಗ ಕಡಿದುಕೊಂಡು ಬಂದು, ಬಾಯಿ ಬಿಗಿಹಿಡಿದು ನನ್ನ ಕೈಯನ್ನೇ ನೋಡುತ್ತಿದೆ. "ಯಾರಮ್ಮ ಅದು" ಎಂದು ಅತ್ತೆ ಒಳಗಿನಿಂದ ಕೇಳುತ್ತಿದ್ದಾರೆ. ಡಬ್ಬಿಯಲ್ಲಿ ಒಂದು ಕಡಲೆಬೀಜವೂ ಇಲ್ಲ.