ಹನ್ನೊಂದನೇ ನಂಬರು

೩ ಫೆಬ್ರವರಿ ೨೦೧೪, ಸೋಮವಾರ
ಹನ್ನೊಂದನೇ ನಂಬರಿನ ಹೃದಯದ ಗೆರೆಯಲ್ಲಿ ಇವತ್ತೂ ಅದೇ ಗಲಾಟೆ. ಬೆಳಗ್ಗೆ, ಸಂಜೆ. ನಡುವೆ ಚೊಕ್ಕ. ಎದೆಯ ಚರ್ಮದಡಿ ಕೂತು ಬಡಿತ ಬರೆದಿಡುವ ಬೆರಳುದ್ದದ ಯಂತ್ರ. ಎರಡು ತುದಿಗೆ ಎರಡು ಇಲೆಕ್ಟ್ರೋಡ್ — ನನ್ನ ಡಿಸೈನ್. ರೋಗಿಗಳ ಹೆಸರು ನಮಗಿಲ್ಲ, ನಂಬರ್ ಮಾತ್ರ. ಬಾಸ್ ತರುಣ್ ಬೆಂಗಳೂರಿನವ. “ಫಿಲ್ಟರ್ ಹಾಕ್ಬಿಡಿ ಮೇಡಂ, ಕ್ಲೀನ್ ಆಗತ್ತೆ.” ತಿಕ್ಕಿ ತೊಳೆಯಲಿಕ್ಕೆ ಇದೇನು ಪಾತ್ರೆಯೇ?

ನಮ್ಮವರಿಗೂ ಇದೇ ಯಂತ್ರ ಕೂರಿಸಿ ತಿಂಗಳಾಯಿತು. ವಾಶಿಯ ಹೊಟೇಲಿನ ಕೌಂಟರಿನಲ್ಲಿ ಎರಡು ಸಲ ತಲೆತಿರುಗಿ ಬಿದ್ದ ಮೇಲೆ ಒಪ್ಪಿದ್ದು. ಅದೂ ಶರತ್ತು ಹಾಕಿ. “ನನ್ನದನ್ನು ನೀನು ನೋಡ್ಲಿಕ್ಕಿಲ್ಲ, ಆಯ್ತಾ? ಮನೆಯಲ್ಲಿ ಹೆಂಡತಿ ಸಾಕು, ಡಾಕ್ಟ್ರು ಬೇಡ.” ಆಯಿತು ಎಂದೆ.

೬ ಫೆಬ್ರವರಿ
ನನ್ನ ಎದೆಗೇ ಇಲೆಕ್ಟ್ರೋಡ್ ಅಂಟಿಸಿಕೊಂಡು ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಹತ್ತಿದೆ. ಎಡಗೈ ಎತ್ತಿ ಹ್ಯಾಂಡಲ್ ಹಿಡಿದೆ. ಅದೇ ಗಲಾಟೆ! ಎದೆಯ ಸ್ನಾಯುವಿನದು. ನಮ್ಮ ಟೆಸ್ಟ್ ಎಲ್ಲ ರೋಗಿಯನ್ನು ಮಲಗಿಸಿ ಮಾಡಿದ್ದು. ಇಲ್ಲಿ ಯಾರು ಮಲಗಿಕೊಂಡು ಕೆಲಸಕ್ಕೆ ಹೋಗುತ್ತಾರೆ?

೧೦ ಫೆಬ್ರವರಿ
ಶನಿವಾರ ಹನ್ನೊಂದರಲ್ಲಿ ಗಲಾಟೆಯೇ ಇಲ್ಲ. ಶನಿವಾರ ನಾವಿಬ್ಬರೂ ಪಕ್ಕದ ಮನೆಯ ಸಮಿತನ ಮದುವೆಗೆ, ಘೋಡಬಂದರ್ ರಸ್ತೆಗೆ, ರಿಕ್ಷಾದಲ್ಲಿ... ಅವರು ವಾಶಿಯ ಲೋಕಲ್ ಹತ್ತಲೇ ಇಲ್ಲ. ಶುಕ್ರವಾರ ಅವರು ಲೇಟಾಗಿ ಬಂದದ್ದೂ ಸಂಜೆಯ ಗಲಾಟೆ ತಡವಾದದ್ದೂ ತಾಳೆಯಾಯಿತು. ಹನ್ನೊಂದು ಇವರೇ. ಫೈಲ್ ಮುಚ್ಚಿದೆ. ಬೇರೆ ಯಾರಿಗಾದರೂ ಕೊಡಿ ಎಂದು ತರುಣ್‌ಗೆ ಹೇಳಿದೆ. “ನಿಮ್ಮನ್ನ ಬಿಟ್ರೆ ಯಾರಿಗ್ ಬರತ್ತೆ ಮೇಡಂ ಇದು?”

೧೯ ಫೆಬ್ರವರಿ
ಕೈ ಎತ್ತಿದರೂ ಕೆಡದ ಹೊಸ ಡಿಸೈನಿಗೆ ಹನ್ನೊಂದರ ಗಲಾಟೆಯೇ ಬೇಕು. ತೆರೆದೆ. ನಿನ್ನೆ ಬೆಳಗ್ಗೆ, ಗಲಾಟೆಯ ಅಡಿಯಲ್ಲಿ, ಐದು ಸೆಕೆಂಡು ಹೃದಯ ಬಡಿದೇ ಇಲ್ಲ. ಯಂತ್ರ ಗಲಾಟೆಯನ್ನೇ ಬಡಿತ ಎಂದು ಎಣಿಸಿದೆ. ವರದಿ: ನಾರ್ಮಲ್. ಕೆಳಗೆ ಬಟನ್ ಒತ್ತಿದ ಗುರುತು. ತಲೆತಿರುಗಿದರೆ ರೋಗಿ ಒತ್ತಬೇಕಾದ, ಕಿಸೆಯ ರಿಮೋಟಿನ ಬಟನ್. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಹೇಗಿದ್ದೀರಿ ಎಂದು ಕೇಳಿದ್ದೆ. “ಎಂತದ್ದೂ ಇಲ್ಲ ಮಾರಾಯ್ತಿ, ಫಸ್ಟ್ ಕ್ಲಾಸ್.” ಸುಳ್ಳುಬುರುಕ! ನನಗೆ ಹೆದರಿಕೆಯಾಗುತ್ತಿದೆ. ಅವರ ಡಾಕ್ಟರಿಗೆ ಫೋನ್ ಮಾಡಿದೆ. ಇವತ್ತೇ ಅಡ್ಮಿಟ್ ಮಾಡಿ ಎಂದರು.

ಅದೇ ದಿನ, ಸಂಜೆ ೭
ನಮ್ಮವರು ಬಂದರು. ಹೇಳಿದೆ. ಚಪ್ಪಲಿ ಕಳಚದೆ ಬಾಗಿಲಲ್ಲೇ ನಿಂತು ಕೇಳಿದರು.
“ನೋಡಿದೆ ಅಲ್ವಾ, ಮಾತು ಕೊಟ್ಟು?”
“ನೋಡಿದೆ. ನೀವು ಯಾಕೆ ಮುಚ್ಚಿಟ್ಟದ್ದು?”
“ಮುಚ್ಚಿಡುದೆಂತ? ಡಾಕ್ಟ್ರ ಹತ್ರ ಕೇಳಿದೆ, ನಾರ್ಮಲ್ ಅಂದ್ರು. ನೀನು ಮಾಡಿದ ಯಂತ್ರ ಅಲ್ವಾ, ಅದು ಸುಳ್ಳು ಹೇಳ್ತದಾ? ನನಗೇ ಭ್ರಮೆ ಅಂತ ಸುಮ್ಮನಾದೆ.”

ಬ್ಯಾಗಿಗೆ ಲುಂಗಿ, ಟವೆಲ್ ತುಂಬಿದೆ. ಕೆಳಗೆ ರಿಕ್ಷಾ ನಿಂತಿದೆ. “ಎಂತ ಬರೀತಾ ಕೂತದ್ದು, ಬಾ” ಎಂದು ಕರೆಯುತ್ತಿದ್ದಾರೆ. ಬ್ಯಾಗನ್ನು ಅವರೇ ಎತ್ತಿಕೊಂಡರು — ಎಡಗೈಯಲ್ಲಿ — ಬೇಡ, ಇಡಿ, ನಾನೇ